ಗೋಲ್ಡ್‌ಸ್ಮಿತ್ ಸ್ಟ್ರೀಟ್: ನಾರಿಚ್‌ನ ಹೊಸ ಸಾಲುಮನೆಗಳು

ಇಂಗ್ಲೆಂಡಿನ ನಾರಿಚ್ ನಗರದ ಕೇಂದ್ರಕ್ಕೆ ಸಮೀಪದಲ್ಲಿರುವ ಗೋಲ್ಡ್‌ಸ್ಮಿತ್ ಸ್ಟ್ರೀಟ್ ವಸತಿ ಸಮುಚ್ಚಯವನ್ನು ನಗರಾಡಳಿತವೇ ಬಾಡಿಗೆದಾರರಿಗಾಗಿ ಕಟ್ಟಿಸಿದ್ದು, 2019ರಲ್ಲಿ ವಾಸ್ತುಶಿಲ್ಪಕ್ಕೆ ಮೀಸಲಾದ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಪಡೆದ ಮೊದಲ ಸಾರ್ವಜನಿಕ ವಸತಿ ಯೋಜನೆ ಇದೇ. ವಿನ್ಯಾಸ ಮಿಖಾಯಿಲ್ ರಿಚಸ್ ಸಂಸ್ಥೆ ಮತ್ತು ಕ್ಯಾಥಿ ಹಾಲಿ ಅವರದು.

ನೂರಕ್ಕೂ ಹೆಚ್ಚು ಕುಟುಂಬಗಳಿಗೆ ಗೋಪುರದಂಥ ಕಟ್ಟಡವಿಲ್ಲದೆ ಜಾಗ ಒದಗಿಸಿ, ಫ್ಲಾಟುಗಳಿಗೂ ಬೀದಿಗೇ ತೆರೆಯುವ ಸ್ವಂತ ಮುಂಬಾಗಿಲು ಕೊಟ್ಟಿರುವುದು ಇದರ ನಿಜವಾದ ಸಾಧನೆ. ಬೀದಿಗಳ ಅಗಲ ಕೇವಲ 14 ಮೀಟರ್. ಹಾಗಿದ್ದರೂ ಚಾವಣಿಗಳನ್ನು 15 ಡಿಗ್ರಿಯಷ್ಟು ಇಳಿಜಾರಾಗಿ ಇಟ್ಟಿರುವುದರಿಂದ ಚಳಿಗಾಲದ ತಗ್ಗಿದ ಬಿಸಿಲು ಎದುರು ಸಾಲಿಗೂ ತಲುಪುತ್ತದೆ. ಅತಿ ಕಡಿಮೆ ಇಂಧನದಲ್ಲಿ ಮನೆ ಬೆಚ್ಚಗಿರಬೇಕೆನ್ನುವ ಪ್ಯಾಸಿವ್‌ಹೌಸ್ ಮಾನದಂಡದ ಪ್ರಕಾರ ಗಾಳಿ ಸೋರಬಾರದಾದ್ದರಿಂದ ಅಂಚೆಪೆಟ್ಟಿಗೆಯನ್ನು ಬಾಗಿಲಿನಲ್ಲಿ ಕೊರೆಯದೆ ಹೊರಗಿನ ಮುಖಮಂಟಪದ ಗೋಡೆಗೆ ಸೇರಿಸಿದ್ದಾರೆ. ಇಂಥ ಸಣ್ಣ ವಿಚಾರದಲ್ಲಿಯೇ ವಾಸ್ತುಶಿಲ್ಪಿಯ ಶ್ರದ್ಧೆ ತಿಳಿಯುವುದು.

ಕಿಟಕಿಗಳ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಶಾಖ ಉಳಿಸಲು ಅವುಗಳನ್ನು ಹಳೆಯ ಸಾಲುಮನೆಗಳ ಕಿಟಕಿಗಳಿಗಿಂತ ಚಿಕ್ಕದಾಗಿಸಿ, ಸುತ್ತ ಒಳಸರಿದ ಚೌಕಟ್ಟು ಕೊಟ್ಟು ದೊಡ್ಡದೆಂಬ ಭಾಸ ಹುಟ್ಟಿಸಲಾಗಿದೆ. ಹೊರನೋಟಕ್ಕೆ ಇದು ಜಾಣತನವೇ, ಆದರೆ ಒಳಗಿರುವವರಿಗೆ ಅದರಿಂದ ಬೆಳಕು ಹೆಚ್ಚುವುದಿಲ್ಲ. ಕಾರುಗಳನ್ನು ಸಮುಚ್ಚಯದ ಅಂಚಿಗೆ ತಳ್ಳಿ, ಹಿತ್ತಿಲುಗಳ ನಡುವಿನ ಓಣಿಯನ್ನು ಮಕ್ಕಳ ಆಟಕ್ಕೆ ಬಿಟ್ಟಿರುವುದು ಮಾತ್ರ ನಿಸ್ಸಂದೇಹವಾಗಿ ಮೆಚ್ಚತಕ್ಕದ್ದು.