ಸ್ಟೀನ್‌ಬೀಕ್ ಬ್ರೇಸ್: ಒರಟಾದರೂ ಕೆಲಸಕ್ಕೆ ಮೋಸವಿಲ್ಲ

ಕ್ಲಬ್‌ಫುಟ್ (ಹುಟ್ಟಿನಿಂದಲೇ ಒಳಕ್ಕೆ ತಿರುಚಿದ ಪಾದ) ಇರುವ ಮಕ್ಕಳಿಗೆ ಕೊನೆಯ ಪ್ಲಾಸ್ಟರ್ ಬಿಚ್ಚಿದ ಕೂಡಲೇ ಹಾಕುವ, ಕಬ್ಬಿಣದ ಪಟ್ಟಿಗೆ ಕೂಡಿಸಿದ ಶೂ ಇದು. ಸೊಟ್ಟಗಿದ್ದ ಪಾದ 70 ಡಿಗ್ರಿ ಹೊರಕ್ಕೆ, ಸರಿಯಿರುವುದು 30–40. ಪಟ್ಟಿ ಮಗುವಿನ ಭುಜದಷ್ಟು ಅಗಲ. ಕೊಳ್ಳುವಾಗಲೇ ಅಳತೆ ನೋಡಿಸಿ.

ಮೊದಲು ಶೂನಲ್ಲಿ ಪಾದದ ಮೇಲೆ ಬರುವ ಸ್ಟ್ರಾಪ್ ಬಿಗಿ ಮಾಡಿ, ಆಮೇಲೆ ಲೇಸು ಕಟ್ಟಿ. ಶೂ ಹಿಂಬದಿಯ ತೂತಿನಲ್ಲಿ ಹಿಮ್ಮಡಿ ಕಾಣಲೇಬೇಕು. ಈ ತೂತೇ ಇದರ ಜಾಣತನ! ಕಾಣದಿದ್ದರೆ ಹಿಮ್ಮಡಿ ಮೇಲೆದ್ದಿದೆ ಎಂದರ್ಥ. ಪಾದ ಜಾರಿ ಬೊಬ್ಬೆ ಏಳುತ್ತದೆ. ಒಳಗೆ ಹತ್ತಿ ಕಾಲುಚೀಲವಿರಲಿ, ಚರ್ಮ ಕೆಂಪಾದರೆ ಲೋಷನ್ ಹಚ್ಚಬೇಡಿ.

ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4–5 ವರ್ಷದವರೆಗೆ ರಾತ್ರಿ ಮತ್ತು ಹಗಲು ನಿದ್ದೆಗೆ. ಅಳುತ್ತದೆಂದು ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ.

ದೂರು ಒಂದೇ: ಪಟ್ಟಿಗೆ ವೆಲ್ಡ್ ಆಗಿರುವುದರಿಂದ ಕಾಲು ಬೆಳೆದಾಗ ಇಡೀ ಜೋಡಿ ಬದಲಿಸಬೇಕು.