ದೊಡ್ಡ ಬ್ಲಾಕು, ಲೈಟ್ನಿಂಗು, ರೋಲಪ್ಪು, ಸೊಲಾನಾ: ನಾಲ್ಕನ್ನೂ ಬಳಸಿ ನೋಡಿದ್ಮೇಲೆ

ಯಾವ ಬ್ಲಾಕ್‌ಚೇನ್ (ಕ್ರಿಪ್ಟೋ ದುಡ್ಡಿನ ಲೆಕ್ಕ ಬರೆದಿಡೋ ಜಾಲ, ಚೇನ್ ಅಂದ್ರೂ ಅದೇ) ಬೆಸ್ಟು ಅಂತ ಜಗಳ ಆಡೋರೆಲ್ಲಾ ಟಿಪಿಎಸ್ (ಸೆಕೆಂಡಿಗೆ ಎಷ್ಟು ಟ್ರಾನ್ಸಾಕ್ಷನ್) ನಂಬರ್ ಹಿಡ್ಕೊಂಡೇ ಬರ್ತಾರೆ, ನಾನೂ ಅದೇ ಮಾಡ್ತಿದ್ದೆ. ಆಮೇಲೆ ಒಂದ್ಸಲ ನಾಲ್ಕೂ ಕಡೆ ಒಂದೇ ಕೆಲಸ ಮಾಡಿ ನೋಡೇಬಿಡೋಣ ಅಂತ ಕೂತೆ: ಗೆಳೆಯನಿಗೆ ಸಣ್ಣ ಮೊತ್ತ ಕಳಿಸೋದು, ಅವನಿಂದ ವಾಪಸ್ ತಗೊಳ್ಳೋದು, ಆಮೇಲೆ ದುಡ್ಡು ನಿಜವಾಗ್ಲೂ ಬಂದಿದ್ಯಾ ಅಂತ ಇನ್ನೊಬ್ಬರ ಸರ್ವರ್ ಕೇಳದೆ ನನ್ನ ಮಷೀನಲ್ಲೇ ಚೆಕ್ ಮಾಡೋದು. ಮೊದಲ ಎರಡು ಎಲ್ಲಾ ಕಡೆ ಹೇಗೋ ಆಗ್ತವೆ. ಬಣ್ಣ ಬಯಲಾಗೋದು ಮೂರನೇದ್ರಲ್ಲಿ.

ಸಮಸ್ಯೆ ಏನು ಅಂತ ಬೇಗ ಹೇಳಿ ಮುಗಿಸ್ತೀನಿ. ಬಿಟ್‌ಕಾಯಿನಲ್ಲಿ ಸುಮಾರು 10 ನಿಮಿಷಕ್ಕೊಂದು ಬ್ಲಾಕು (ಟ್ರಾನ್ಸಾಕ್ಷನ್‌ಗಳ ಒಂದು ಕಟ್ಟು), ಅದಕ್ಕೆ 2010ರಲ್ಲಿ ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ಹಾಕಿದ 1 ಎಂಬಿ ಮಿತಿ, ಒಂದು ಟ್ರಾನ್ಸಾಕ್ಷನ್ ಬರೀ 250 ಬೈಟ್ ಅಂತ ಹಿಡಿದ್ರೂ ಸೆಕೆಂಡಿಗೆ ಏಳರ ಮೇಲೆ ಹೋಗಲ್ಲ. 2017ರ ಆಗಸ್ಟಲ್ಲಿ ಸೆಗ್‌ವಿಟ್ ಅನ್ನೋ ಅಪ್‌ಗ್ರೇಡ್ ಬಂದು ಸಹಿಗಳ ಭಾರ ಕಮ್ಮಿ ಲೆಕ್ಕ ಹಾಕಿದ್ರಿಂದ ಒಂದಿಷ್ಟು ಜಾಗ ಸಿಕ್ತು, ಆದ್ರೆ ಅದೇ ವರ್ಷ ಡಿಸೆಂಬರಲ್ಲಿ ಸರಾಸರಿ ಫೀ 50 ಡಾಲರ್ ದಾಟಿತ್ತು. ಅದೇ ತಿಂಗಳು ಅತ್ಲಾಗೆ ಇಥೀರಿಯಂ ಅನ್ನೋ ಇನ್ನೊಂದು ಚೇನನ್ನ ಕ್ರಿಪ್ಟೋಕಿಟ್ಟೀಸ್ ಅನ್ನೋ ಬೆಕ್ಕುಮರಿ ಆಟ ಜಾಮ್ ಮಾಡಿ ಕೂತಿತ್ತು. ಬೆಕ್ಕುಮರಿ, ಸ್ವಾಮಿ!

ಮೊದಲು ದೊಡ್ಡ ಬ್ಲಾಕು. 2017 ಆಗಸ್ಟ್ 1ಕ್ಕೆ ಬಿಟ್‌ಕಾಯಿನಿಂದ ಬೇರೆ ಮನೆ ಮಾಡ್ಕೊಂಡು ಹೋದ ಬಿಟ್‌ಕಾಯಿನ್ ಕ್ಯಾಶ್ ದಾರಿ ಇದು, ಬ್ಲಾಕಿನ ಮಿತಿ ಶುರುವಲ್ಲಿ 8 ಎಂಬಿ, 2018ರ ಮೇ ತಿಂಗಳಲ್ಲಿ 32 ಎಂಬಿ. ಬಳಸೋಕೆ ಇಷ್ಟು ಸಲೀಸಾದ್ದು ಇನ್ನೊಂದಿಲ್ಲ ಅಂತ ನಿಯತ್ತಾಗಿ ಹೇಳ್ತೀನಿ, ವಾಲೆಟ್ ತೆಗೆದೆ, ಅಡ್ರೆಸ್ ಹಾಕ್ದೆ, ಹೋಯ್ತು, ಫೀ ಎಷ್ಟು ಅಂತ ನೋಡೋ ಅಗತ್ಯಾನೇ ಬೀಳ್ಲಿಲ್ಲ. ಹಳೇ ಲ್ಯಾಪ್‌ಟಾಪಲ್ಲಿ ನೋಡ್ (ಚೇನಿನ ಲೆಕ್ಕ ಪೂರ್ತಿ ಇಳಿಸ್ಕೊಂಡು ತಾನೇ ಚೆಕ್ ಮಾಡೋ ಸಾಫ್ಟ್‌ವೇರ್) ಕೂಡ ಆರಾಮಾಗಿ ಓಡ್ತು. ಆದ್ರೆ ಆರಾಮಾಗಿ ಓಡಿದ್ದು ಯಾಕೆ ಅಂದ್ರೆ ಬ್ಲಾಕುಗಳು ಬಹುಪಾಲು ಖಾಲಿ ಇದ್ದಿದ್ಕೆ. 32 ಎಂಬಿ ನಿಜವಾಗ್ಲೂ ತುಂಬಿದ್ರೆ ದಿನಕ್ಕೆ 144 ಬ್ಲಾಕು, ಅಂದ್ರೆ 4.6 ಜಿಬಿ, ವರ್ಷಕ್ಕೆ 1.6 ಟಿಬಿ ಮೀರುತ್ತೆ, ಅಷ್ಟಾದ್ರೂ ಸಿಗೋದು ಸೆಕೆಂಡಿಗೆ ಇನ್ನೂರು ಚಿಲ್ಲರೆ ಟ್ರಾನ್ಸಾಕ್ಷನ್. ಖಾಲಿ ರೋಡಲ್ಲಿ ಗಾಡಿ ಓಡಿಸಿ ರೋಡು ಸೂಪರ್ ಅಂದಂಗೆ ನನ್ನ ಟೆಸ್ಟು.

ಲೈಟ್ನಿಂಗ್ ಅಂದ್ರೆ ಬಿಟ್‌ಕಾಯಿನ್ ಮೇಲಿನ ಪದರ, ಪ್ರತಿ ಪಾವತೀನೂ ಚೇನಿಗೆ ಬರೀದೆ ಚಾನೆಲ್ಲಲ್ಲೇ ದುಡ್ಡು ಓಡಾಡುತ್ತೆ. ಅದ್ರಲ್ಲಿ ನಾನು ಅತಿ ಹೆಚ್ಚು ಟೈಮ್ ಕಳೆದಿದ್ದು, ಅತಿ ಹೆಚ್ಚು ಬೈದಿದ್ದೂ ಅಲ್ಲೇ. ಅದಕ್ಕೆ ಮೊದ್ಲು ಬಿಟ್‌ಕಾಯಿನ್ ನೋಡ್ ಬೇಕಿತ್ತು, ಹಾರ್ಡ್ ಡಿಸ್ಕಲ್ಲಿ ಶುರು ಮಾಡಿ ಒಂದು ವಾರ ಕಾದೆ, ಸಿಂಕ್ ಆಗ್ತಾನೇ ಇತ್ತು, ಬೇಸತ್ತು ಎಸ್‌ಎಸ್‌ಡಿ ಹಾಕಿದ್ಮೇಲೆ ಒಂದೂವರೆ ದಿನದಲ್ಲಿ ಮುಗೀತು. ಆಮೇಲೆ 5 ಲಕ್ಷ ಸತೋಶಿ (ಹತ್ತು ಕೋಟಿ ಸತೋಶಿಗೆ ಒಂದು ಬಿಟ್‌ಕಾಯಿನ್) ಹಾಕಿ ಬೇರೊಬ್ಬರ ನೋಡ್ ಜೊತೆ ಒಂದು ಚಾನೆಲ್ ತೆಗೆದೆ. ಗೆಳೆಯನಿಗೆ ಕಳಿಸಿದೆ, ಎರಡು ಸೆಕೆಂಡ್ ಆಗಿರಬೇಕು, ಫೀ ಲೆಕ್ಕಕ್ಕೇ ಇಲ್ಲ, ಖುಷಿಯಾಗ್ಬಿಟ್ಟೆ. ನೀನೀಗ ನನಗೆ 2 ಲಕ್ಷ ಸತೋಶಿ ಕಳ್ಸಪ್ಪ ಅಂದೆ. ಫೇಲ್. ಇನ್ನೊಂದ್ಸಲ ಟ್ರೈ ಮಾಡಿದ, ಮತ್ತೂ ಫೇಲ್.

ತಲೆ ಕೆರ್ಕೊಂಡು ಕೂತಾಗ ಗೊತ್ತಾಗಿದ್ದು ಇಷ್ಟು. ಚಾನೆಲ್ ಅಂದ್ರೆ ದಾರಕ್ಕೆ ಪೋಣಿಸಿದ ಮಣಿ ಇದ್ದಂಗೆ, ದಾರದ ಎರಡು ತುದಿ ಇಬ್ಬರ ಕೈಲಿ. ಮಣಿ ಎಲ್ಲಾ ನನ್ನ ಕಡೆಗೇ ಇದ್ರೆ ನಾನು ಆ ಕಡೆ ತಳ್ಳಬಹುದು, ಆ ಕಡೆಯಿಂದ ನನಗೆ ತಳ್ಳೋಕೆ ಅಲ್ಲಿ ಮಣಿನೇ ಇಲ್ವಲ್ಲ. ಚಾನೆಲ್ ತೆಗೆದೋನು ನಾನು, ದುಡ್ಡು ಹಾಕಿದೋನು ನಾನು, ಹಾಗಾಗಿ ಮೊದಲು ಒಂದಿಷ್ಟು ಖರ್ಚು ಮಾಡಿ ಆ ಕಡೆ ಮಣಿ ಸೇರಿಸಿದ್ರೇನೇ ನನಗೆ ವಾಪಸ್ ಬರೋದು. ಇದಕ್ಕೆ ಇನ್‌ಬೌಂಡ್ ಲಿಕ್ವಿಡಿಟಿ ಅಂತಾರೆ, ದುಡ್ಡು ಕೊಟ್ಟು ಬೇರೆಯವರಿಂದ ಅದನ್ನ ತಗೋಬಹುದು. ದುಡ್ಡು ಇಸ್ಕೊಳ್ಳೋಕೂ ದುಡ್ಡು ಕೊಡೋ ಪರಿಸ್ಥಿತಿ ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ಏಟು ಇನ್ನೊಂದು ಥರ. ನಾನು ಹತ್ತು ದಿನ ಮಷೀನ್ ಆಫ್ ಮಾಡಿ ಎಲ್ಲೋ ಹೋಗಿದ್ದೆ, ಆ ತುದೀಲಿದ್ದ ನೋಡಿನವರು ಇವನು ಸತ್ನೇನೋ ಅಂದ್ಕೊಂಡು ಫೋರ್ಸ್ ಕ್ಲೋಸ್ ಮಾಡಿದ್ರು (ನನ್ನ ಕೇಳದೆ ಚಾನೆಲ್ ಮುಚ್ಚಿದ್ರು), ಮೇನ್ ಚೇನಲ್ಲಿ ಫೀ ಏರಿದ್ದ ಹೊತ್ತು ಬೇರೆ, ಚಾನೆಲ್ ತೆಗೆದೋನೇ ಫೀ ಕಟ್ಟಬೇಕಾಗಿದ್ರಿಂದ ನನ್ನ ಪಾಲಿಂದಾನೇ ಹೋಯ್ತು. ಅವರದ್ದೇನೂ ತಪ್ಪಿಲ್ಲ, ನಿಯಮಾನೇ ಹಾಗಿದೆ. ಆ ಕಡೆಯವರು ಹಳೇ ಬ್ಯಾಲೆನ್ಸ್ ತೋರಿಸಿ ಮೋಸ ಮಾಡಿದ್ರೆ ಅವರ ಪಾಲನ್ನೂ ಸೇರಿಸಿ ಕಿತ್ಕೊಳ್ಳೋ ಹಕ್ಕು ನನಗಿದೆ, ಆದ್ರೆ ಅದಕ್ಕೆ ನಾನೋ ನನ್ನ ಪರವಾಗಿ ಒಂದು ವಾಚ್‌ಟವರೋ ಎಚ್ಚರ ಇರಬೇಕು. ಅಂದ್ರೆ ಕಾವಲು ಕಾಯೋ ಕೆಲಸ ಬಳಸೋನ ಹೆಗಲಿಗೇ.

ಇನ್ನೊಂದು ಮಾತು. 2016ರಲ್ಲಿ ಜೋಸೆಫ್ ಪೂನ್, ಥ್ಯಾಡಿಯಸ್ ಡ್ರೈಜಾ ಬರೆದ ಲೈಟ್ನಿಂಗ್ ಪೇಪರಲ್ಲೇ ಒಂದು ಲೆಕ್ಕ ಇದೆ: 700 ಕೋಟಿ ಜನ ವರ್ಷಕ್ಕೆ ತಲಾ ಎರಡು ಚಾನೆಲ್ ತೆಗೆದ್ರೆ 133 ಎಂಬಿ ಬ್ಲಾಕ್ ಬೇಕಾಗುತ್ತೆ ಅಂತ. ದೊಡ್ಡ ಬ್ಲಾಕ್ ಬೇಡವೇ ಬೇಡ, ಲೈಟ್ನಿಂಗ್ ಸಾಕು ಅಂತ ಕೂಗಾಡೋರು ಆ ಪುಟಕ್ಕೆ ಬರೋ ಹೊತ್ತಿಗೆ ನಿದ್ದೆ ಹೋಗಿರ್ತಾರೋ ಏನೋ. ಇಷ್ಟೆಲ್ಲಾ ಬೈದ್ರೂ ನನ್ನ ಮೂರನೇ ಟೆಸ್ಟಲ್ಲಿ ಪೂರ್ತಿ ಪಾಸಾಗಿದ್ದು ಇದೇ, ನನ್ನದೇ ನೋಡ್, ನನ್ನದೇ ಕೀ, ಯಾರನ್ನೂ ಕೇಳೋ ಹಂಗಿಲ್ಲ.

ರೋಲಪ್ ಕಥೆ ಬೇರೆ. ಇಥೀರಿಯಂ ಮೊದಲು ಚೇನನ್ನೇ ಚೂರು ಚೂರು ಮಾಡಿ ಶಾರ್ಡಿಂಗ್ ಮಾಡ್ತೀವಿ ಅಂತಿತ್ತು, 2020ರ ಹೊತ್ತಿಗೆ ಅದನ್ನ ಕಟ್ಟಿದವರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ರೋಲಪ್ ದಾರಿ ಹಿಡಿಯೋಣ ಅಂದ್ರು. ಕೆಲಸ ಎಲ್ಲಾ ಹೊರಗೆ ನಡೆಯುತ್ತೆ, ಡೇಟಾ ಮಾತ್ರ ಕಟ್ಟು ಕಟ್ಟಿ ಮೇನ್ ಚೇನಿಗೆ ಹಾಕ್ತಾರೆ. 2024ರ ಮಾರ್ಚ್ 13ರ ಡೆನ್‌ಕನ್ ಅಪ್‌ಗ್ರೇಡ್ ಮುಂಚೆ, ಆಮೇಲೆ, ಎರಡೂ ಹೊತ್ತಲ್ಲಿ ಬಳಸಿದೋನು ನಾನು, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ: ಆ ಡೇಟಾಗೆ ಅಂತಾನೇ ಬ್ಲಾಬ್ ಅನ್ನೋ ಅಗ್ಗದ ಜಾಗ ಕೊಟ್ರು, ಒಂದೊಂದು 128 ಕೆಬಿ, ಸುಮಾರು 18 ದಿನ ಇಟ್ಕೊಂಡು ಎಸೀತಾರೆ, ಹಾಗಾಗಿ ಫೀ ಡಾಲರ್ ಲೆಕ್ಕದಿಂದ ಸೆಂಟ್ ಲೆಕ್ಕಕ್ಕೆ ಬಿತ್ತು. ಕಳಿಸೋದು, ತಗೊಳ್ಳೋದು ಎರಡೂ ಸರಾಗ.

ವಾಪಸ್ ಮೇನ್ ಚೇನಿಗೆ ಬರೋದೇ ತಾಪತ್ರಯ. ಆರ್ಬಿಟ್ರಮ್, ಆಪ್ಟಿಮಿಸಂ ಥರದ ಆಪ್ಟಿಮಿಸ್ಟಿಕ್ ರೋಲಪ್ಪಲ್ಲಿ ಸುಳ್ಳು ಲೆಕ್ಕ ಅಂತ ಯಾರಾದ್ರೂ ತಕರಾರು ಎತ್ತೋಕೆ ಸುಮಾರು ಏಳು ದಿನ ಬಿಡ್ತಾರೆ, ಅಷ್ಟು ದಿನ ನಿಮ್ಮ ದುಡ್ಡು ನಡುದಾರೀಲಿ. ಝಡ್‌ಕೆ ರೋಲಪ್ಪು ಲೆಕ್ಕದ ಜೊತೇಲೇ ಪ್ರೂಫ್ ಕೊಡೋದ್ರಿಂದ ಈ ಒಂದು ವಾರ ಕಾಯೋದು ಇಲ್ಲ, ನನಗೆ ಒಂದೇ ದಿನದಲ್ಲಿ ಬಂತು.

ಮೈ ಉರಿಸಿದ್ದು ಮಾತ್ರ ಅದಲ್ಲ. ಎಲ್ಲಾ ಕಡೆ ನನ್ನ ಅಡ್ರೆಸ್ ಒಂದೇ, 0x ಅಂತ ಶುರುವಾಗೋ ಅದೇ ಅಡ್ರೆಸ್, ಒಂದಕ್ಷರ ವ್ಯತ್ಯಾಸ ಇಲ್ಲ, ಆದ್ರೆ ದುಡ್ಡು ಐದು ರೋಲಪ್ಪಲ್ಲಿ ಚದುರಿ ಬಿದ್ದಿದೆ. ಒಂದು ಕಡೆ 40 ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿಹಾಕಿದ ಟೋಕನ್) ಇದೆ, ಅದನ್ನ ಅಲ್ಲಾಡಿಸೋಕೆ ಗ್ಯಾಸಿಗೆ, ಅಂದ್ರೆ ಫೀಗೆ, ಚೂರೇ ಚೂರು ಈಥರ್ (ಇಥೀರಿಯಂ ನಾಣ್ಯ) ಬೇಕು, ಆ ಈಥರ್ ಇನ್ನೊಂದು ರೋಲಪ್ಪಲ್ಲಿದೆ, ಅಲ್ಲಿಂದ ತರೋಕೆ ಬ್ರಿಡ್ಜು, ಅಂದ್ರೆ ಒಂದು ಚೇನಿಂದ ಇನ್ನೊಂದಕ್ಕೆ ದುಡ್ಡು ದಾಟಿಸೋ ಸೇವೆ. ಒಂದ್ಸಲ ಒಂದು ಕ್ರಿಪ್ಟೋ ಎಕ್ಸ್‌ಚೇಂಜಿಗೆ ಮೇನ್ ಚೇನ್ ಬದ್ಲು ರೋಲಪ್ಪಿಂದಾನೇ ಕಳಿಸ್ಬಿಟ್ಟೆ, ಅವರು ಆ ನೆಟ್‌ವರ್ಕ್ ತಗೊಳ್ತಿರ್ಲಿಲ್ಲ, ವಾಪಸ್ ಬರೋಕೆ ಮೂರು ವಾರ, ಅಷ್ಟು ದಿನ ಅವರ ಸಪೋರ್ಟಿಗೆ ಒಂದೇ ಸ್ಕ್ರೀನ್‌ಶಾಟ್ ಕಳಿಸಿದ್ದೇ ಕಳಿಸಿದ್ದು. ಮೂರನೇ ಟೆಸ್ಟೂ ಇಲ್ಲಿ ಅರ್ಧಂಬರ್ಧ: ರೋಲಪ್ ನೋಡ್ ಓಡಿಸೋಕೆ ಕೆಳಗಿನ ಇಥೀರಿಯಂ ನೋಡೂ ಬೇಕು, ನಾನು ಕೈ ಎತ್ತಿ ಬೇರೆಯವರ ಆರ್‌ಪಿಸಿ (ಅವರ ನೋಡನ್ನ ಕೇಳೋ ಸರ್ವರ್) ಹಾಕ್ಕೊಂಡೆ. ಮೇಲಾಗಿ ದೊಡ್ಡ ರೋಲಪ್ಪುಗಳಲ್ಲಿ ಯಾರ ಟ್ರಾನ್ಸಾಕ್ಷನ್ ಮೊದಲು ಅಂತ ಸಾಲು ಹಚ್ಚೋ ಸೀಕ್ವೆನ್ಸರ್ ಒಂದೇ ಕೈಲಿರೋದು ಮಾಮೂಲು.

ಸೊಲಾನಾ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಪದರ ಗಿದರ ಏನಿಲ್ಲ, ಒಂದೇ ಚೇನು, ಸುಮಾರು 400 ಮಿಲಿಸೆಕೆಂಡಿಗೊಂದು ಸ್ಲಾಟು (ಒಂದು ಬ್ಲಾಕಿನ ಸರದಿ), ಮೂಲ ಫೀ ಸಹಿಗೆ 0.000005 ಸೋಲ್ (ಸೊಲಾನಾ ನಾಣ್ಯ). ಬಟನ್ ಒತ್ತಿ ಬೆರಳು ತೆಗೆಯೋಷ್ಟರಲ್ಲಿ ಮುಗಿದಿರುತ್ತೆ, ಸುಖ ಅಂದ್ರೆ ಸುಖ. ಅವರು ತೋರಿಸೋ ಟಿಪಿಎಸ್ಸಲ್ಲಿ ವ್ಯಾಲಿಡೇಟರ್‌ಗಳ (ಬ್ಲಾಕ್ ಚೆಕ್ ಮಾಡಿ ಒಪ್ಪೋ ಮಷೀನ್‌ಗಳ) ವೋಟೂ ಸೇರಿರುತ್ತೆ ಅನ್ನೋದು ನೆನಪಿರ್ಲಿ. 2021ರ ಸೆಪ್ಟೆಂಬರಲ್ಲಿ ಬಾಟ್‌ಗಳ ಹಾವಳಿಗೆ ಸುಮಾರು 17 ಗಂಟೆ, 2024ರ ಫೆಬ್ರವರಿಯಲ್ಲಿ ಸುಮಾರು 5 ಗಂಟೆ ಇಡೀ ಚೇನೇ ನಿಂತಿತ್ತು. ಮೂರನೇ ಟೆಸ್ಟ್ ಕೇಳಲೇಬೇಡಿ, ವ್ಯಾಲಿಡೇಟರಿಗೆ 256 ಜಿಬಿ ರ‍್ಯಾಮ್ ಬೇಕು ಅಂತಾರೆ, ನನ್ನ ಲ್ಯಾಪ್‌ಟಾಪಿನ ಡಿಸ್ಕೇ ಮೊದಲು ಅಷ್ಟಿರ್ಲಿಲ್ಲ.

ಸದ್ಯಕ್ಕೆ ದಿನಾ ಬಳಸೋದು ರೋಲಪ್ಪು, ಆದ್ರೆ ಒಂದೇ ಒಂದು, ಉಳಿದ ನಾಲ್ಕು ರೋಲಪ್ಪನ್ನ ಖಾಲಿ ಮಾಡ್ದೆ. ಉಳಿತಾಯ ಬಿಟ್‌ಕಾಯಿನಲ್ಲಿ, ನೋಡಿನ ಫ್ಯಾನು ರಾತ್ರಿಯೆಲ್ಲಾ ಗುಂಯ್ ಅಂತಾನೇ ಇರುತ್ತೆ. ಲೈಟ್ನಿಂಗಲ್ಲಿ ಎರಡನೇ ಚಾನೆಲ್ ಇನ್ನೂ ತೆಗೆದೇ ಇದೆ, ಈಗ ಮಣಿ ಪೂರಾ ಆ ಕಡೆ ಸೇರ್ಕೊಂಡಿವೆ, ಗೆಳೆಯ ಹಳೇ 2 ಲಕ್ಷ ಸತೋಶಿ ಯಾವಾಗ ಬೇಕಾದ್ರೂ ಕಳಿಸಬಹುದು, ಅವನೀಗ ಮರೆತಂಗೆ ಮಾಡ್ತಿದಾನೆ.