ಕೂಲಿ ಪಡೆಗಳ ಸಂಬಳದ ಲೆಕ್ಕ: ಬಸವನಗುಡಿಯ ಒಂದು ಇತಿಹಾಸ ತರಗತಿ

ಗಾಂಧಿ ಬಜಾರಿನ ಸಮೀಪ ಮನೆಯೊಂದರ ಮಹಡಿಯಲ್ಲಿ ನಡೆಯುವ ಭಾನುವಾರದ ಇತಿಹಾಸ ತರಗತಿಗಳು ಈ ಬಾರಿ ಮಧ್ಯಯುಗದ ಯೂರೋಪಿನ ವಿದೇಶಿ ಕೂಲಿ ಪಡೆಗಳನ್ನು ವಿಷಯವಾಗಿ ಆರಿಸಿಕೊಂಡಿದ್ದವು. ಎರಡು ಬೆಳಗಿನ ಉಪನ್ಯಾಸಗಳಿಗೆ ಶುಲ್ಕ 600 ರೂಪಾಯಿ; ಪಾಠವೆಲ್ಲ ಕನ್ನಡದಲ್ಲಿಯೇ.

ಕತ್ತಿ, ಕವಚಗಳ ವೈಭವವನ್ನು ಬದಿಗಿಟ್ಟು, ಸಂಬಳವನ್ನು ಯಾರು ಕೊಟ್ಟರು, ಅದು ನಿಂತಾಗ ಏನಾಯಿತು ಎಂಬ ಪ್ರಶ್ನೆಯಿಂದ ಹೊರಟದ್ದೇ ಈ ತರಗತಿಯ ಹೆಚ್ಚುಗಾರಿಕೆ. ತುರ್ಕರ ವಿರುದ್ಧ ಕಾದಲು ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್‌ನ ಚಕ್ರವರ್ತಿ ಎರಡನೆಯ ಆಂಡ್ರೊನಿಕಸ್ 1303ರಲ್ಲಿ ಕರೆಸಿಕೊಂಡ, ಇಂದಿನ ಸ್ಪೇನಿನ ಕ್ಯಾಟಲೋನಿಯಾ ಕಡೆಯ ಕ್ಯಾಟಲನ್ ಪಡೆಗೆ ಮೊದಲ ದಿನದ ಬಹುಪಾಲು ಮೀಸಲಾಗಿತ್ತು. ಸಂಬಳದ ಜಗಳ ಬೆಳೆದು, 1305ರಲ್ಲಿ ನಾಯಕ ರೋಜರ್ ದ ಫ್ಲೋರ್ ಕೊಲೆಯಾದ ಮೇಲೆ ಆ ಪಡೆ ತನ್ನನ್ನು ಕರೆಸಿದವರ ನಾಡನ್ನೇ ಸೂರೆಗೈದದ್ದು, ಮುಂದೆ ಅಥೆನ್ಸಿನ ಡ್ಯೂಕ್ ಅದರಿಂದ ಕೆಲಸ ಮಾಡಿಸಿಕೊಂಡು ಬಾಕಿ ಕೊಡದೆ ಕೈತೊಳೆದುಕೊಳ್ಳಲು ನೋಡಿದಾಗ 1311ರ ಕದನದಲ್ಲಿ ಅವನನ್ನು ಕೊಂದು ಆ ಸೀಮೆಗೆ ತಾನೇ ಒಡೆಯನಾದದ್ದು, ಎಲ್ಲವನ್ನೂ ಉಪನ್ಯಾಸಕರು ಅವಸರವಿಲ್ಲದೆ ಬಿಡಿಸಿಟ್ಟರು. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ 1346ರ ಕ್ರೆಸಿ ಕದನದಲ್ಲಿ ಫ್ರೆಂಚರ ಪರ ನಿಂತ, ಇಟಲಿಯ ಜಿನೋವಾದ ಅಡ್ಡಬಿಲ್ಲುಗಾರರ ದೊಡ್ಡ ಗುರಾಣಿಗಳು ಹಿಂದಿನ ಗಾಡಿಗಳಲ್ಲೇ ಉಳಿದಿದ್ದವು. ಇಂಗ್ಲಿಷರ ಬಾಣಗಳಿಗೆ ಹಿಮ್ಮೆಟ್ಟಿದ ಅವರನ್ನು ತುಳಿದುಕೊಂಡು ಹೋದವರು ಫ್ರೆಂಚ್ ರಾವುತರೇ. ಪರದೇಶದ ಆಳಿನ ಜೀವಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಈ ಉದಾಹರಣೆ ಚೆನ್ನಾಗಿ ತೋರಿಸಿತು.

ಎರಡನೆಯ ದಿನ ಮಾತ್ರ ಸಪ್ಪೆಯಾಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ 1360ರ ಬ್ರೆತಿನಿ ಶಾಂತಿ ಒಪ್ಪಂದದಿಂದ ಕೆಲಸ ಕಳೆದುಕೊಂಡ ಸೈನಿಕರು ಗುಂಪುಕಟ್ಟಿ ಫ್ರಾನ್ಸಿನ ಹಳ್ಳಿಗಳನ್ನು ದೋಚಿದ್ದಾಗಲಿ, ಇಂಗ್ಲೆಂಡಿನ ಜಾನ್ ಹಾಕ್‌ವುಡ್ ಇಟಲಿಯ ನಗರಗಳಿಗೆ ಕರಾರಿನ ಮೇಲೆ ದುಡಿದು ಕೊನೆಗೆ ಫ್ಲಾರೆನ್ಸಿನ ಗೌರವ ಗಳಿಸಿದ್ದಾಗಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋದವು. ಆ ಕರಾರುಗಳಲ್ಲಿ ಆಳು, ಕುದುರೆಗಳ ಸಂಖ್ಯೆ, ಸೇವೆಯ ಅವಧಿ, ಸಂಬಳ ಎಲ್ಲವೂ ನಮೂದಾಗುತ್ತಿದ್ದವು; ಲೆಕ್ಕದ ಪ್ರಶ್ನೆಯಿಂದ ಆರಂಭಿಸಿದವರು ಅವುಗಳ ಬಳಿ ನಿಲ್ಲದೆ ಮುಂದೆ ಹೋದದ್ದು ವಿಚಿತ್ರ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷರ ಪರ ಹೋರಾಡಿದ ಸ್ವಿಸ್ ಮೂಲದ ದ ಮ್ಯೂರಾನ್ ಪಡೆಯ ಹೆಸರು ಒಮ್ಮೆಯೂ ಬರಲಿಲ್ಲ. ಕಾಲ ಬೇರೆಯಾದರೂ, ನಮ್ಮೂರಿನ ಕೇಳುಗರಿಗೆ ಅದು ಹತ್ತಿರದ ಕೊಂಡಿಯಾಗುತ್ತಿತ್ತು.

ಪರದೆಯ ಮೇಲಿನ ನಕ್ಷೆಗಳ ಅಕ್ಷರ ಹಿಂದಿನ ಸಾಲಿಗೆ ಕಾಣುವುದಿಲ್ಲವಾದ್ದರಿಂದ ಬೇಗ ಹೋಗಿ ಮುಂದೆ ಕುಳಿತುಕೊಳ್ಳುವುದು ಒಳ್ಳೆಯದು. ವಾಹನ ನಿಲ್ಲಿಸಲು ಜಾಗವಿಲ್ಲ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದು ಬರಬಹುದು. ಮೊದಲ ದಿನಕ್ಕಷ್ಟೇ ಪ್ರತ್ಯೇಕ ಶುಲ್ಕವಿದ್ದಿದ್ದರೆ ಹಿಂದುಮುಂದು ನೋಡದೆ ಶಿಫಾರಸು ಮಾಡುತ್ತಿದ್ದೆ.